ಲಾಲ್‌ಬಾಗಿನಲ್ಲಿ ನನ್ನ ಜೊತೆಗಿದ್ದವಳು

ಬಳ್ಳಾರಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಈ ಕಸುಬಿನವನ ಹತ್ತಿರ ದೆವ್ವದ ಕಥೆಗಳು ಎಷ್ಟು ಬರುತ್ತವೆ ಎಂದರೆ ನೀವು ನಂಬಲಿಕ್ಕಿಲ್ಲ. ಸಂಜೆ ಕಾಲುವೆಯ ಹತ್ತಿರ ಯಾರೋ ನಿಂತಿದ್ದರು, ಗದ್ದೆಯ ಬದುವಿನ ಮೇಲೆ ಬಿಳಿ ಬಟ್ಟೆಯವರೊಬ್ಬರು ನಡೆದುಹೋದರು, ದೀಪದ ಸುತ್ತ ಬಣ್ಣದ ಬಳೆ ತಿರುಗುತ್ತಿತ್ತು ಎಂದು ಹೇಳಿಕೊಂಡು ಸಿರುಗುಪ್ಪದ ಕಡೆಯಿಂದ, ಹಚ್ಚೊಳ್ಳಿಯಿಂದ ವಯಸ್ಸಾದವರು ಬಸ್ಸಿಳಿದು ಬರುತ್ತಾರೆ. ನಾನು ಅವರ ಕಣ್ಣಿಗೆ ಟಾರ್ಚು ಹಿಡಿದು ನೋಡುತ್ತೇನೆ. ಹೆಚ್ಚಿನವರಿಗೆ ಪೊರೆ ಬಂದಿರುತ್ತದೆ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರ ಬಳಿಗೆ ಕಳಿಸುತ್ತೇನೆ. ಆಪರೇಷನ್ ಆದ ಮೇಲೆ ಬದುವಿನ ಮೇಲಿನ ಬಿಳಿ ಬಟ್ಟೆಯವರು ಮತ್ತೆ ಕಂಡರೆಂದು ಯಾರೂ ಬಂದು ಹೇಳಿದ್ದಿಲ್ಲ.

ಹೀಗಾಗಿ ಇಂಥ ಮಾತುಗಳನ್ನು ನಾನು ಕೇಳಿಸಿಕೊಳ್ಳುತ್ತಿದ್ದೆನೇ ಹೊರತು ನಂಬುತ್ತಿರಲಿಲ್ಲ. ಎದುರಿಗೆ ನಗುತ್ತಿರಲಿಲ್ಲ, ಅಷ್ಟೇ. ಯಾರಿಗಾದರೂ ಏನಾದರೂ ಕಂಡಿತು ಎಂದರೆ ಒಂದೋ ಕಣ್ಣಿನ ದೋಷ, ಇಲ್ಲವೇ ಮನಸ್ಸಿನ ದೋಷ ಎಂದು ನನ್ನ ಲೆಕ್ಕವಿತ್ತು. ಆ ಲೆಕ್ಕ ಈಗಲೂ ಪೂರ್ತಿ ತಪ್ಪು ಎಂದು ನನಗೆ ಅನಿಸಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಒಂದು ಮಧ್ಯಾಹ್ನ ನನಗೆ ಆದದ್ದು ಆ ಲೆಕ್ಕಕ್ಕೆ ಸಿಗುತ್ತಿಲ್ಲ. ಏಕೆಂದರೆ ಅಲ್ಲಿ ನಾನು ಏನನ್ನೂ ಕಾಣಲಿಲ್ಲ. ಕಂಡವರು ಬೇರೆಯವರು.

ನನಗೆ ಒಬ್ಬಳೇ ತಂಗಿ, ಸುಮಂಗಲಾ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಹೊಳೆ ದಂಡೆಯ ರಾರಾವಿಯಲ್ಲಿ. ಅವಳನ್ನು ಕೊಟ್ಟದ್ದು ಕುರುಗೋಡಿಗೆ. ಅವಳ ಗಂಡ ದೊಡ್ಡಬಸಪ್ಪ ಅಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟುಕೊಂಡಿದ್ದಾನೆ. ಸುಮಂಗಲಾ ಅಂಗನವಾಡಿ ಟೀಚರು. ಬಿಸಿಲಿರಲಿ, ಧೂಳಿರಲಿ, ಮನೆಮನೆ ತಿರುಗಿ ಮಕ್ಕಳನ್ನು ಕರೆತರುವವಳು. ಅವಳ ನಡಿಗೆಗೆ ಸಮನಾಗಿ ನಡೆಯಲು ನಮಗೆ ಆಗುತ್ತಿರಲಿಲ್ಲ. ಬಳ್ಳಾರಿಗೆ ಬಂದರೆ ಬಸ್‌ಸ್ಟ್ಯಾಂಡಿನಿಂದ ನನ್ನ ಮನೆಗೆ ಆಟೋ ಹತ್ತದೆ ನಡೆದೇ ಬರುತ್ತಿದ್ದಳು.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ತಲೆ ಹಿಡಿದುಕೊಂಡು ಒಲೆಯ ಪಕ್ಕಕ್ಕೆ ಒರಗಿದಳು. ಬಳ್ಳಾರಿಯ ಆಸ್ಪತ್ರೆಗೆ ತಂದಾಗ ಮಾತಿರಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿದೆ, ತಡ ಮಾಡಬೇಡಿ, ಬೆಂಗಳೂರಿಗೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಅವಳ ತಲೆಯ ಹತ್ತಿರ ನಾನು, ಕಾಲ ಹತ್ತಿರ ದೊಡ್ಡಬಸಪ್ಪ. ತಂಗಿಯ ಮಗಳು ಬಳ್ಳಾರಿಯಲ್ಲಿ ನಮ್ಮ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದಳು. ಅವಳನ್ನು ನನ್ನ ಹೆಂಡತಿಯ ಜೊತೆ ಬಿಟ್ಟು ಬಂದಿದ್ದೆವು.

ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನು ನೆನೆದರೆ ನನಗೆ ದುಃಖ ನೆನಪಾಗುವುದಿಲ್ಲ. ಒಂದು ಥರದ ಜೋಮು ನೆನಪಾಗುತ್ತದೆ. ಕೈಯನ್ನು ಅಡಿಗೆ ಹಾಕಿ ಮಲಗಿದರೆ ಎದ್ದಾಗ ಅದು ನಮ್ಮ ಕೈಯೇ ಅಲ್ಲವೆನಿಸುತ್ತದಲ್ಲ, ಹಾಗೆ ಇಡೀ ಮೈ, ತಲೆ ಎಲ್ಲ. ಊಟ ಮಾಡುತ್ತಿದ್ದೆ, ರುಚಿ ಗೊತ್ತಾಗುತ್ತಿರಲಿಲ್ಲ. ಬಳ್ಳಾರಿಯಿಂದ ಫೋನ್ ಬಂದರೆ ಹಾಗೇ ಇದ್ದಾಳೆ ಎಂದು ಹೇಳುತ್ತಿದ್ದೆ. ಎಲ್ಲರಿಗೂ ಅದೇ ಮಾತು, ಅದೇ ದನಿ. ಐಸಿಯು ಒಳಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿಡುತ್ತಿದ್ದರು. ಕೂದಲು ತೆಗೆದ ಅವಳ ತಲೆ, ಬಾಯಿಗೆ ಇಟ್ಟ ನಳಿಕೆ, ಹಾಸಿಗೆಯ ಪಕ್ಕದ ಯಂತ್ರದ ಹಸಿರು ಗೆರೆ ನೋಡಿ ಹೊರಗೆ ಬರುತ್ತಿದ್ದೆ. ಅಳು ಬರಲಿ ಎಂದು ಕಾಯುತ್ತಿದ್ದೆ. ಬರುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ವಯಸ್ಸಿನಲ್ಲಿ ಸಣ್ಣವರು, ಸಮಾಧಾನದಿಂದ ಹೇಳಿದರು. ಮಿದುಳು ಬಾತುಕೊಳ್ಳುತ್ತಿದೆ. ಬುರುಡೆಯ ಒಂದು ತುಂಡು ತೆಗೆದು ಅದಕ್ಕೆ ಜಾಗ ಮಾಡಿಕೊಡಬೇಕು. ಮಾಡಿದರೆ ಉಳಿಯಬಹುದು, ಉಳಿಯುತ್ತಾರೆಂದು ಹೇಳಲಾರೆ. ಉಳಿದರೂ ಮೊದಲಿನ ಹಾಗೆ ಇರುತ್ತಾರೆಂದು ಹೇಳಲಾರೆ. ಸಂಜೆಯೊಳಗೆ ನಿಮ್ಮ ತೀರ್ಮಾನ ತಿಳಿಸಿ ಎಂದರು. ಅದಲ್ಲದೆ ಇನ್ನೂ ಏನೇನೋ ಹೇಳಿದರು. ನಾನು ತಲೆಯಾಡಿಸುತ್ತ ಅವರ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನೇ ನೋಡುತ್ತಿದ್ದೆ.

ಹೊರಗೆ ಬಂದ ಮೇಲೆ ದೊಡ್ಡಬಸಪ್ಪ ಕಾರಿಡಾರಿನ ಗೋಡೆಗೆ ಒರಗಿ ಕೂತ. ಅವನು ಮಾತು ಕಡಿಮೆಯ ಮನುಷ್ಯ. ನೆಲ ನೋಡುತ್ತಲೇ ಹೇಳಿದ.

"ಅಕಿ ಅಡ್ಡಾಡೋ ಹೆಣ್ಮಗಳು ಮಾವ. ಹಾಸಿಗಿ ಮ್ಯಾಲೆ ಇಟ್ಟು ಬದುಕ್ಸಿದ್ರ ದಿನಾ ನನ್ನ ಮುಖ ನೋಡಿ ಬೈತಾಳ, ಯಾಕ ಉಳಿಸಿದಿ ಅಂತ. ಬ್ಯಾಡ ಅನ್ನಾಕೂ ನನಗ ಬಾಯಿ ಬರವಲ್ದು. ನೀವ ಹೇಳ್ರಿ. ನೀವು ಏನಂತೀರೋ ಅದು."

ನಾನು ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಆದರೆ ಯೋಚನೆ ಎಂಬುದೇ ಬರುತ್ತಿರಲಿಲ್ಲ. ಮಾಡಿಸೋಣ ಎಂದು ಒಂದು ಸಲ ಅಂದುಕೊಂಡೆ, ಬೇಡ ಎಂದು ಒಂದು ಸಲ ಅಂದುಕೊಂಡೆ, ಎರಡಕ್ಕೂ ಎದೆಯಲ್ಲಿ ಏನೂ ಆಗಲಿಲ್ಲ. ಅಷ್ಟರಲ್ಲಿ ಕಾರಿಡಾರು ಒರೆಸುವ ಹೆಂಗಸು ಬಂದು ಎಲ್ಲರೂ ಕೆಳಗೆ ಹೋಗಿ ಎಂದಳು. ಹಗಲೆಲ್ಲ ಇಲ್ಲೇ ಕೂತರೆ ನಿಮಗೇ ಕಾಯಿಲೆ ಬರುತ್ತೆ, ಲಾಲ್‌ಬಾಗ್ ಇಲ್ಲೇ ಹತ್ತಿರ, ಸ್ವಲ್ಪ ಗಾಳಿ ಕುಡಿದು ಬನ್ನಿ ಎಂದು ತಾನಾಗಿಯೇ ದಾರಿಯನ್ನೂ ಹೇಳಿದಳು. ದೊಡ್ಡಬಸಪ್ಪ ಬರುವುದಿಲ್ಲ ಎಂದ. ಯಾರಾದರೂ ಕರೆದರೆ ಒಬ್ಬರಾದರೂ ಇರಬೇಕಲ್ಲ. ನಾನು ಆಟೋ ಹತ್ತಿದೆ.

ಲಾಲ್‌ಬಾಗನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬೆಂಗಳೂರಿಗೆ ಬಹಳ ಸಲ ಬಂದಿದ್ದೆ, ಫ್ರೇಮು ಗಾಜು ಕೊಂಡು ಸಾಯಂಕಾಲದ ಬಸ್ಸಿಗೇ ವಾಪಸು ಹೋಗುತ್ತಿದ್ದೆ. ಗೇಟಿನ ಬಳಿ ಟಿಕೆಟಿನ ಕಿಟಕಿಯಲ್ಲಿ ಕೈ ಚಾಚಿ ಒಂದು ಎಂದೆ. ಒಳಗಿದ್ದವನು ಎರಡು ಟಿಕೆಟು ಹರಿದು ಕೊಟ್ಟ. ಒಂದೇ ಸಾಕು, ಒಬ್ಬನೇ ಇದ್ದೇನೆ ಎಂದೆ. ಅವನು ಕಿಟಕಿಗೆ ಮುಖ ತಂದು ನನ್ನ ಎಡಪಕ್ಕಕ್ಕೆ ನೋಡಿದ. ಮತ್ತೆ ನನ್ನನ್ನು ನೋಡಿದ. ಓ, ಜೊತೆಗಲ್ವಾ ಎನ್ನುತ್ತ ಒಂದನ್ನು ವಾಪಸು ತೆಗೆದುಕೊಂಡ. ನನ್ನ ಹಿಂದೆ ಯಾರೋ ನಿಂತಿರಬೇಕು ಎಂದುಕೊಂಡು ತಿರುಗಿಯೂ ನೋಡದೆ ಒಳಗೆ ಹೋದೆ.

ಒಳಗೆ ಮಧ್ಯಾಹ್ನದ ಬಿಸಿಲಿಗೆ ಜನ ಕಡಿಮೆ ಇದ್ದರು. ಎಷ್ಟೋ ಕಾಲದ ಮರಗಳು, ಪ್ರತಿಯೊಂದಕ್ಕೂ ಹೆಸರಿನ ಹಲಗೆ. ಗಾಜಿನ ಮನೆಯ ಮುಂದೆ ಫೋಟೋ ತೆಗೆಸಿಕೊಳ್ಳುವವರು ನಿಂತಿದ್ದರು. ಎಲ್ಲೆಲ್ಲಿಂದಲೋ ತಂದು ನೆಟ್ಟ ಮರಗಳೆಂದು ಹಲಗೆಯಲ್ಲಿ ಓದುತ್ತಿದ್ದೆ, ಓದಿದ್ದು ಮುಂದಿನ ಹಲಗೆಗೆ ಬರುವಷ್ಟರಲ್ಲಿ ಮರೆತುಹೋಗುತ್ತಿತ್ತು. ಕೆರೆಯ ಹತ್ತಿರ ಒಂದು ಬೆಂಚಿನಲ್ಲಿ ಕೂತೆ. ಬೆಂಚಿನ ತುದಿಯಲ್ಲಿ ಕೂತಿದ್ದೆ, ಉಳಿದ ಜಾಗ ಖಾಲಿ. ವಾಕಿಂಗ್ ಬೂಟು ಹಾಕಿಕೊಂಡ ಇಬ್ಬರು ಹಿರಿಯರು ಬಂದರು. ಒಬ್ಬರು ಕೂರಲು ಬಗ್ಗಿದರು, ಇನ್ನೊಬ್ಬರು ಅವರ ತೋಳು ಹಿಡಿದು, ಅಲ್ಲಿ ಜಾಗ ಇಲ್ಲ ಬನ್ನಿ ಎಂದು ಮುಂದಿನ ಬೆಂಚಿಗೆ ಕರೆದುಕೊಂಡು ಹೋದರು. ನಾನು ಪಕ್ಕಕ್ಕೆ ನೋಡಿದೆ. ಇಬ್ಬರು ಧಾರಾಳವಾಗಿ ಕೂರುವಷ್ಟು ಜಾಗವಿತ್ತು. ಬೆಂಗಳೂರಿನವರಿಗೆ ಅಪರಿಚಿತರ ಪಕ್ಕ ಕೂರಲು ಇಷ್ಟವಿಲ್ಲ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಎದ್ದು ತೋಟದ ಒಳಗಿನ ದೊಡ್ಡ ಬಂಡೆಯ ಕಡೆಗೆ ನಡೆದೆ.

ಲಾಲ್‌ಬಾಗಿನ ಆ ಬಂಡೆಯನ್ನು ನೋಡಲು ಜನ ದೂರದೂರದಿಂದ ಬರುತ್ತಾರಂತೆ. ಬಳ್ಳಾರಿಯವನಿಗೆ ಅದರಲ್ಲಿ ಹೊಸದೇನೂ ಇಲ್ಲ. ನಮ್ಮ ಊರಿನ ನೆತ್ತಿಯ ಮೇಲೇ ಅಂಥ ಕಲ್ಲುಗುಡ್ಡ ಕೂತಿದೆ, ಕುರುಗೋಡಿನಲ್ಲಂತೂ ಯಾವ ಕಡೆ ತಿರುಗಿದರೂ ಕಲ್ಲೇ. ಆದರೂ ಬಂಡೆ ಕಂಡೊಡನೆ ಕಾಲು ತಾನಾಗಿ ಅತ್ತ ಹೋಯಿತು. ಇಳಿಜಾರಿನಲ್ಲಿ ನಿಧಾನವಾಗಿ ಹತ್ತಿದೆ. ಮೇಲೆ ಗೋಪುರದ ಮಂಟಪ, ಅದರ ನೆರಳಿನಲ್ಲಿ ನಾಲ್ಕಾರು ಜನ. ಮಂಟಪಕ್ಕಿಂತ ಸ್ವಲ್ಪ ಕೆಳಗೆ, ಕೊಡೆ ಬಿಚ್ಚಿಟ್ಟುಕೊಂಡು ಒಬ್ಬ ಹೆಂಗಸು ಸೌತೆಕಾಯಿ ಮಾರುತ್ತಿದ್ದಳು. ಬಾಯಿ ಒಣಗಿತ್ತು. ಒಂದು ಕೊಡಮ್ಮ ಎಂದು ಹೇಳಿ, ಪಕ್ಕದಲ್ಲೇ ಬಂಡೆಯ ಮೇಲೆ ಕೂತು ಊರಿನ ಕಡೆ ನೋಡತೊಡಗಿದೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಅವಳು ಕೂಗಿದಾಗ ತಿರುಗಿದೆ. ಎರಡು ಕಾಗದದಲ್ಲಿ ಎರಡು ಸೌತೆಕಾಯಿ ಸೀಳಿ ಇಟ್ಟಿದ್ದಳು. ಒಂದಕ್ಕೆ ಉಪ್ಪು ಖಾರ ಮೆತ್ತಿತ್ತು, ಇನ್ನೊಂದಕ್ಕೆ ಬರೀ ಉಪ್ಪು. ಒಂದೇ ಹೇಳಿದ್ದೆನಲ್ಲ ಎಂದೆ.

"ಅಮ್ಮ ಖಾರ ಬೇಡ ಅಂದ್ರಲ್ಲ ಸಾರ್," ಎಂದಳು.

ಯಾವ ಅಮ್ಮ ಎಂದು ಕೇಳಿದೆ. ಅವಳಿಗೆ ಸಿಟ್ಟು ಬಂತು. ತನ್ನನ್ನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳೋ ಏನೋ.

"ನಿಮ್ ಜೊತೆ ಬಂದೋರು. ಪಾಪ, ಆಯಮ್ಮ ಕಾಲು ಎಳ್ಕೊಂಡು ಎಳ್ಕೊಂಡು ಹತ್ತುತಾ ಇದ್ರೆ ನೀವು ಒಬ್ರೇ ಮುಂದೆ ಬಂದು ಕೂತ್ಬಿಟ್ರಿ. ಕೈ ಹಿಡ್ಕೊಂಡು ಕರ್ಕೊಂಡ್ ಬರಬಾರ್ದಾ?"

ನಾನು ಸುತ್ತ ನೋಡಿದೆ. ಮಂಟಪದ ನೆರಳಿನಲ್ಲಿ ಕಾಲೇಜಿನ ಹುಡುಗಿಯರು, ಒಬ್ಬ ಮುದುಕ, ಅಷ್ಟೇ. ಆಕೆ ಎಲ್ಲಿ ಎಂದು ಕೇಳಿದೆ. ಈಗ ಇಲ್ಲೇ ನಿಂತಿದ್ದರು, ಆ ಕಡೆ ಇಳಿದು ಹೋದರು ಎಂದು ಚಾಕು ಹಿಡಿದ ಕೈಯಲ್ಲೇ ಕೆರೆಯ ಬದಿ ತೋರಿಸಿದಳು. ನಾನು ಎದ್ದು ಹೋದೆ. ಬಂಡೆಯ ಆ ಬದಿಗೆ ಇಳಿದು, ಮರಗಳ ಕೆಳಗೆ, ಕಾಲುದಾರಿಯಲ್ಲಿ, ಎರಡೂ ಕಡೆ ಸ್ವಲ್ಪ ದೂರ ನಡೆದು ನೋಡಿದೆ. ಕಾಲು ಎಳೆದು ನಡೆಯುವವರು ಅಷ್ಟು ಹೊತ್ತಿನಲ್ಲಿ ದೂರ ಹೋಗಲಾರರು. ಯಾರೂ ಇರಲಿಲ್ಲ. ಒಬ್ಬ ಮಾಲಿ ಪೈಪು ಹಿಡಿದು ನೀರು ಬಿಡುತ್ತಿದ್ದ. ಅವನನ್ನು ಕೇಳೋಣವೆಂದರೆ ಏನೆಂದು ಕೇಳುವುದು? ಹೇಗಿದ್ದಾರೆ, ಏನು ಉಟ್ಟಿದ್ದಾರೆ ಎಂದು ಅವನು ಕೇಳಿದರೆ ಹೇಳಲು ನನಗೇ ಗೊತ್ತಿರಲಿಲ್ಲ.

ವಾಪಸು ಮೇಲೆ ಬಂದೆ. ಸೌತೆಕಾಯಿಯವಳ ಸಿಟ್ಟು ಇಳಿದಿತ್ತು. ನನ್ನ ಮುಖದಲ್ಲಿ ಏನು ಕಂಡಳೋ, ಕೂತ್ಕೊಳಿ ಸಾರ್ ಎಂದು ಕೊಡೆಯ ನೆರಳು ನನ್ನ ಕಡೆ ಸರಿಸಿದಳು. ಆಕೆ ನೋಡಲು ಹೇಗಿದ್ದರು ಎಂದು ಕೇಳಿದೆ. ಸೆರಗು ತಲೆ ಮೇಲೆ ಹೊದ್ದುಕೊಂಡಿದ್ದರು, ಮುಖ ಸರಿಯಾಗಿ ನೋಡಲಿಲ್ಲ, ವಯಸ್ಸಾದವರೇನಲ್ಲ ಎಂದಳು. ಆಮೇಲೆ ತಾನೇ ಮುಂದುವರಿಸಿದಳು.

"ನಿಮ್ ಥರಾನೇ ಮಾತು ಅವರ್ದು, ನಮ್ ಕಡೆ ಮಾತಲ್ಲ. 'ಅಣ್ಣಗ ಹೋಗಾಕ ಹೇಳವ್ವ, ಹೊತ್ತಾತು' ಅಂದ್ರು. ನೀವು ಆ ಕಡೆ ಮುಖ ಮಾಡ್ಕೊಂಡಿದ್ರಿ. ನೀವೇ ಹೇಳ್ಬಾರ್ದಾ ಅಂದೆ. ಸುಮ್ನೆ ನಕ್ಕು ಇಳಿದು ಹೋದ್ರು."

ಇಲ್ಲಿ ನನ್ನ ಮೈ ಜುಮ್ಮೆಂದಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ನನಗೆ ಹಾಗೇನೂ ಆಗಲಿಲ್ಲ. ಹೆದರಿಕೆಯೂ ಇಲ್ಲ, ಅಚ್ಚರಿಯೂ ಇಲ್ಲ. ಯಾರೋ ನನಗೆ ವಿಳಾಸ ಹೇಳಿದಂತೆ ಅವಳ ಮಾತನ್ನು ಕೇಳಿಸಿಕೊಂಡೆ. ಸೌತೆಕಾಯಿಯ ಎರಡು ಪೊಟ್ಟಣಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಜೇಬಿನಿಂದ ಫೋನು ತೆಗೆದು ನೋಡಿದೆ. ಐಸಿಯು ಹೊರಗೆ ಸದ್ದು ಬಂದ್ ಮಾಡಿದ್ದ ಫೋನು ಹಾಗೇ ಇತ್ತು. ದೊಡ್ಡಬಸಪ್ಪ ಮೇಲಿಂದ ಮೇಲೆ ಕರೆ ಮಾಡಿದ್ದ. ವಾಪಸು ಮಾಡಿದೆ. ಸಂಜೆಯವರೆಗೆ ಕಾಯುವ ಹಾಗಿಲ್ಲವಂತೆ, ಒತ್ತಡ ಏರುತ್ತಿದೆಯಂತೆ, ಈಗಲೇ ಹೂಂ ಅಥವಾ ಇಲ್ಲ ಹೇಳಬೇಕಂತೆ ಎಂದ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಬಂದೆ ಎಂದಷ್ಟೇ ಹೇಳಿದೆ.

ಗೇಟಿನ ಹೊರಗೆ ಒಂದು ಆಟೋ ನಿಂತಿತ್ತು. ಆಸ್ಪತ್ರೆಯ ಹೆಸರು ಹೇಳಿ ಹತ್ತಿ ಕೂತೆ. ಡ್ರೈವರು ನಡುವಯಸ್ಸಿನ ಮನುಷ್ಯ, ಗಾಡಿ ಶುರು ಮಾಡಿದ, ಆದರೆ ಬಿಡಲಿಲ್ಲ. ಕನ್ನಡಿಯಲ್ಲಿ ನೋಡುತ್ತಿದ್ದ. ಬೇಗ ಹೋಗಬೇಕಪ್ಪ ಎಂದೆ. ತಡೀರಿ, ಅಮ್ಮ ಹತ್ತಲಿ ಎಂದ.

ಆಗ ನಾನು ಮಾಡಿದ್ದನ್ನು ಇವತ್ತಿಗೂ ಯಾರಿಗೂ ಸರಿಯಾಗಿ ವಿವರಿಸಲು ನನಗೆ ಆಗಿಲ್ಲ. ಯಾವ ಅಮ್ಮ ಎಂದು ನಾನು ಕೇಳಲಿಲ್ಲ. ಹೊರಗೆ ಬಗ್ಗಿಯೂ ನೋಡಲಿಲ್ಲ. ಆಟೋದ ಸೀಟಿನಲ್ಲಿ ಬಲಗಡೆಗೆ ಸರಿದು ಕೂತೆ. ಪಕ್ಕದಲ್ಲಿ ಒಬ್ಬರಿಗೆ ಜಾಗವಾಯಿತು. ಸ್ವಲ್ಪ ಹೊತ್ತು ಕಳೆದು ಡ್ರೈವರು ಮುಂದೆ ತಿರುಗಿ ಗಾಡಿ ಬಿಟ್ಟ. ರಸ್ತೆಯ ಉಬ್ಬುಗಳಲ್ಲೆಲ್ಲ ನಿಧಾನ ಮಾಡುತ್ತಿದ್ದ. ನನ್ನ ಪಕ್ಕದ ಸೀಟಿನಲ್ಲಿ ಏನೂ ಇರಲಿಲ್ಲ. ರೆಕ್ಸಿನ್ ಹರಿದ ಕಡೆ ಸ್ಪಂಜು ಕಾಣುತ್ತಿತ್ತು. ನಾನು ದಾರಿಯುದ್ದಕ್ಕೂ ಅದನ್ನೇ ನೋಡುತ್ತ ಹೋದೆ. ಇಳಿಯುವಾಗ ಡ್ರೈವರು ನನ್ನನ್ನೂ ನೋಡಲಿಲ್ಲ, ಸೀಟನ್ನೂ ನೋಡಲಿಲ್ಲ, ಮುಂದಿನ ಗಿರಾಕಿಯ ಜೊತೆ ಮಾತಿಗೆ ಇಳಿದ. ಅವನನ್ನು ಕೇಳಬಹುದಿತ್ತು. ಮೇಲೆ ದೊಡ್ಡಬಸಪ್ಪ ಕಾಯುತ್ತಿದ್ದ.

ಅವನು ಲಿಫ್ಟಿನ ಬಾಗಿಲಲ್ಲೇ ನಿಂತಿದ್ದ. ನಾನು ಮಾಡಿಸೋಣ ಎಂದೆ. ಅವನು ಒಂದು ಸಲ ನನ್ನ ಮುಖ ನೋಡಿ ಆಯ್ತು ಎಂದು ಒಳಗೆ ಹೋದ. ಅದು ನನ್ನ ತೀರ್ಮಾನವೇ ಎಂದರೆ ಹೌದು ಎನ್ನಲಾರೆ. ತೀರ್ಮಾನ ಮಾಡಿದ ನೆನಪು ನನಗಿಲ್ಲ. ಬಾಯಿಂದ ಬಂತು. ಕೈಯಲ್ಲಿನ್ನೂ ಪೊಟ್ಟಣಗಳಿದ್ದವು. ಸಂಜೆ, ಆಪರೇಷನ್ ಇನ್ನೂ ನಡೆಯುತ್ತಿದ್ದಾಗ, ದೊಡ್ಡಬಸಪ್ಪನಿಗೆ ತಿನ್ನು ಎಂದು ಒಂದನ್ನು ಕೊಟ್ಟೆ. ಅವನು ಒಂದು ಹೋಳು ಕಚ್ಚಿ, ಇದಕ್ಕೆ ಖಾರವೇ ಇಲ್ಲ ಎಂದು ಪಕ್ಕಕ್ಕಿಟ್ಟ.

ಸುಮಂಗಲಾ ಬದುಕಿದಳು. ಅಷ್ಟು ಸಲೀಸಾಗಿ ಅಲ್ಲ. ಕಣ್ಣು ಬಿಡಲು ದಿನಗಳು ಬೇಕಾದವು, ಮಾತು ಬರಲು ವಾರಗಳು. ಅವಳು ಮೊದಲು ಕಣ್ಣು ಬಿಟ್ಟಾಗ ದೊಡ್ಡಬಸಪ್ಪ ಕಾರಿಡಾರಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಅತ್ತ. ನಾನು ಅವನ ಬೆನ್ನು ಸವರುತ್ತ ನಿಂತಿದ್ದೆ. ಆಗಲೂ ನನಗೆ ಅಳು ಬರಲಿಲ್ಲ. ಲಾಲ್‌ಬಾಗಿನ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಬಾರದೆಂದಲ್ಲ. ಅದರ ಕಡೆ ಮನಸ್ಸೇ ಹೋಗಿರಲಿಲ್ಲ.

ಮನಸ್ಸು ಹೋದದ್ದು ತಿಂಗಳುಗಳ ಮೇಲೆ. ಆಗ ಅವಳನ್ನು ಬಳ್ಳಾರಿಗೆ ಕರೆತಂದು ನಮ್ಮ ಮನೆಯಲ್ಲೇ ಇರಿಸಿಕೊಂಡಿದ್ದೆವು. ವ್ಯಾಯಾಮ ಮಾಡಿಸಲು ಒಬ್ಬಳು ಹುಡುಗಿ ಬರುತ್ತಿದ್ದಳು. ಮೊದಲು ಕೂರುವುದು, ಆಮೇಲೆ ನಿಲ್ಲುವುದು, ಆಮೇಲೆ ಗೋಡೆ ಹಿಡಿದು ಹೆಜ್ಜೆ. ಒಂದು ಸಂಜೆ ನಾನು ಅಂಗಡಿ ಮುಚ್ಚಿ ಮನೆಗೆ ಬರುವಾಗ ಸುಮಂಗಲಾ ಯಾರ ಆಸರೆಯೂ ಇಲ್ಲದೆ ಅಂಗಳದ ಇಳಿಜಾರು ಹತ್ತುತ್ತಿದ್ದಳು. ಕೂದಲು ಇನ್ನೂ ಸರಿಯಾಗಿ ಬಂದಿರಲಿಲ್ಲವೆಂದು ಸೆರಗು ತಲೆಯ ಮೇಲಿತ್ತು. ಎಡಗಾಲನ್ನು ಎಳೆದು ಎಳೆದು ಹಾಕುತ್ತಿದ್ದಳು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, ನೋಡ್ರಿ ನೋಡ್ರಿ ಎಂದು ಸಂತೋಷದಿಂದ ಕರೆಯುತ್ತಿದ್ದಳು. ನಾನು ಗೇಟಿನ ಹತ್ತಿರವೇ ನಿಂತುಬಿಟ್ಟೆ. ಸೌತೆಕಾಯಿಯವಳ ಮಾತು ಮೊದಲ ಬಾರಿಗೆ ಪೂರ್ತಿಯಾಗಿ ಕಿವಿಗೆ ಬಿದ್ದದ್ದು ಆಗ.

ಆ ವಾರವೇ ಕುರುಗೋಡಿಗೆ ಹೋಗಿ ದೊಡ್ಡಬಸಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಮೋಟಾರೊಂದಕ್ಕೆ ತಂತಿ ಸುತ್ತುತ್ತ ಕೇಳಿಸಿಕೊಂಡ. ಕೆಲಸ ನಿಲ್ಲಿಸಲಿಲ್ಲ. ಕೊನೆಗೆ, ಅವತ್ತು ಬೆಳಿಗ್ಗೆ ಡಾಕ್ಟರು ಎಡಗಡೆ ಕೈಕಾಲಿಗೆ ಶಕ್ತಿ ಬರೋದು ಕಷ್ಟ, ನಡೆದರೂ ಕಾಲು ಎಳೆಯುತ್ತಾರೆ ಎಂದು ಸ್ಪಷ್ಟವಾಗಿ ಹೇಳಿದ್ದರಲ್ಲ ಎಂದ. ನನಗೆ ಅದು ನೆನಪೇ ಇರಲಿಲ್ಲ.

"ನಿಮ್ಮ ಕಿವಿಗೆ ಬಿದ್ದೈತಿ ಮಾವ, ತಲಿಗೆ ಹೋಗಿಲ್ಲ. ಆ ಸೌತಿಕಾಯಿ ಮಾರಾಕಿ ಏನೋ ಅಂದ್ಲು, ನೀವು ಡಾಕ್ಟರ ಮಾತನ್ನ ತಂದು ಅದಕ್ಕ ಹಚ್ಚಿಕೊಂಡೀರಿ. ನಿದ್ದಿಲ್ಲ, ಊಟಿಲ್ಲ, ಯಾರಿಗಾದ್ರೂ ಆಗತೈತಿ."

ಅವನು ಹೇಳಿದ್ದು ನನ್ನದೇ ವಿದ್ಯೆಯ ಮಾತು. ಅಂಗಡಿಗೆ ಬಂದವರಿಗೆ ನಾನಾದರೂ ಅದನ್ನೇ ಹೇಳುತ್ತಿದ್ದೆ. ಒಪ್ಪಲು ಪ್ರಯತ್ನಪಟ್ಟೆ. ಸೌತೆಕಾಯಿಯವಳು ಕಾಲು ಎಳೆಯುವ ಮಾತನ್ನು ನಿಜವಾಗಿ ಆಡಿದಳೇ, ಅಥವಾ ಅಂಗಳದಲ್ಲಿ ತಂಗಿಯನ್ನು ನೋಡಿದ ಮೇಲೆ ನಾನು ಅವಳ ಬಾಯಲ್ಲಿ ಇಟ್ಟೆನೇ? ಆಣೆ ಮಾಡಿ ಹೇಳು ಎಂದರೆ ನನ್ನಿಂದ ಆಗದು. ಹಾಗೆಯೇ ಖಾರದ ಮಾತೂ ಇದೆ. ನನ್ನ ತಂಗಿ ಖಾರ ಬೇಡ ಎನ್ನುವ ಹೆಂಗಸಲ್ಲ. ಅಂದೂ ಅಲ್ಲ, ಇಂದೂ ಅಲ್ಲ. ಈಗಲೂ ಊಟಕ್ಕೆ ಹಸಿಮೆಣಸಿನಕಾಯಿ ಬೇಕು ಅವಳಿಗೆ. ಹಾಗಾದರೆ ಲಾಲ್‌ಬಾಗಿನಲ್ಲಿ ಖಾರ ಬೇಡ ಎಂದವಳು ಯಾರು? ನಮ್ಮ ಸೀಮೆಯ ಮಾತಾಡುವ, ಅಣ್ಣನನ್ನು ಹುಡುಕಿ ಬಂದ ಬೇರೆ ಯಾವಳೋ ಹೆಂಗಸು ಇದ್ದಿರಬಾರದೇ? ಬೆಂಗಳೂರಿನ ಆಸ್ಪತ್ರೆಗಳ ತುಂಬ ನಮ್ಮ ಕಡೆಯವರೇ ಇರುತ್ತಾರೆ. ಇದ್ದಿರಬಹುದು. ಹಾಗೆಂದು ಸಮಾಧಾನ ಮಾಡಿಕೊಳ್ಳುವಾಗಲೆಲ್ಲ ಟಿಕೆಟಿನವನು, ಬೆಂಚಿನ ಹಿರಿಯರು, ಆಟೋದವನು ಒಬ್ಬರ ಹಿಂದೆ ಒಬ್ಬರು ಬಂದು ನಿಲ್ಲುತ್ತಾರೆ. ಅವರೆಲ್ಲರ ಕಣ್ಣಿಗೂ ಪೊರೆ ಬಂದಿತ್ತೇ?

ತಂಗಿಯನ್ನು ಮತ್ತೆ ತೋರಿಸಲು ಬೆಂಗಳೂರಿಗೆ ಹೋದಾಗ ಒಮ್ಮೆ ನಾನೊಬ್ಬನೇ ಹೋಗಿ ಆ ಬಂಡೆ ಹತ್ತಿದೆ. ಕೊಡೆಯ ಕೆಳಗೆ ಮಾವಿನಕಾಯಿ ಹೆಚ್ಚುತ್ತಿದ್ದವಳು ಬೇರೆಯವಳು. ಸೌತೆಕಾಯಿಯವಳ ಬಗ್ಗೆ ಕೇಳಿದರೆ, ಇಲ್ಲಿ ಎಷ್ಟೋ ಜನ ಬರುತ್ತಾರೆ ಹೋಗುತ್ತಾರೆ ಎಂದಳು. ಸ್ವಲ್ಪ ಹೊತ್ತು ಕೂತಿದ್ದು ಇಳಿದು ಬಂದೆ. ಅವತ್ತು ಗೇಟಿನಲ್ಲಿ ಒಂದು ಟಿಕೆಟು ಕೇಳಿದ್ದಕ್ಕೆ ಒಂದೇ ಕೊಟ್ಟಿದ್ದರು.

ಈಗ ಸುಮಂಗಲಾ ಕುರುಗೋಡಿನಲ್ಲೇ ಇದ್ದಾಳೆ, ಕೆಲಸಕ್ಕೂ ಹೋಗುತ್ತಾಳೆ. ಮನೆಮನೆ ತಿರುಗುವುದನ್ನು ಜೊತೆಯ ಸಹಾಯಕಿಗೆ ಬಿಟ್ಟು, ತಾನು ಕೂತು ಮಕ್ಕಳಿಗೆ ಕಲಿಸುತ್ತಾಳೆ. ಉಳಿಸಿದ್ದಕ್ಕೆ ಗಂಡನನ್ನು ಬೈದದ್ದನ್ನು ನಾನು ಕೇಳಿಲ್ಲ, ಬೇರೆ ಎಲ್ಲದಕ್ಕೂ ಬೈಯುತ್ತಾಳೆ. ಹೋದ ಬೇಸಿಗೆಯಲ್ಲಿ ಓದುವ ಕನ್ನಡಕ ಬೇಕೆಂದು ನನ್ನ ಅಂಗಡಿಗೆ ಬಂದಿದ್ದಳು. ಮಧ್ಯಾಹ್ನ, ಗಿರಾಕಿಗಳಿರಲಿಲ್ಲ. ಒಂದೊಂದೇ ಫ್ರೇಮು ಹಾಕಿ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಅವತ್ತು ಕೇಳಿದೆ. ಆ ದಿನಗಳಲ್ಲಿ ನಿನಗೆ ಏನಾದರೂ ಗೊತ್ತಾಗುತ್ತಿತ್ತೇ, ಎಲ್ಲಾದರೂ ಹೋದ ಹಾಗೆ, ಯಾರನ್ನಾದರೂ ನೋಡಿದ ಹಾಗೆ ಏನಾದರೂ ನೆನಪಿದೆಯೇ ಎಂದೆ.

ಅವಳು ಫ್ರೇಮು ತೆಗೆದು ಮೇಜಿನ ಮೇಲಿಟ್ಟಳು.

"ಏನೂ ಇದ್ದಿಲ್ಲಣ್ಣ. ಕತ್ತಲಿ ಇರತೈತಿ ಅಂತಾರ ಮಂದಿ, ಕತ್ತಲಿನೂ ಇದ್ದಿಲ್ಲ. ರೊಟ್ಟಿ ಬಡಿಯಾಕ ಹತ್ತಿದ್ದೆ, ಕಣ್ಣು ಬಿಟ್ರ ನೀವಿಬ್ರೂ ನಿಂತಿದ್ರಿ. ನಡುವ ನಾ ಎಲ್ಲೂ ಇದ್ದಿಲ್ಲ."

ಅವಳ ಮಾತಿನಲ್ಲಿ ಬೇಸರವಿರಲಿಲ್ಲ. ಇನ್ನೊಂದು ಫ್ರೇಮು ಕೈಗೆ ತೆಗೆದುಕೊಂಡು, ನೀನು ಆಗ ದಿನವೆಲ್ಲ ಏನು ಮಾಡುತ್ತಿದ್ದೆ ಎಂದು ಕೇಳಿದಳು. ಕೂತಿರುತ್ತಿದ್ದೆ ಎಂದೆ. ಒಂದು ದಿನ ಮಾತ್ರ ಲಾಲ್‌ಬಾಗಿಗೆ ಹೋಗಿದ್ದೆ ಎಂದೆ.

"ಒಬ್ನ ಹೋಗಿದ್ದಿ?" ಎಂದಳು.

ಸಣ್ಣ ಪ್ರಶ್ನೆ. ಹೂಂ ಎಂದರೆ ಮುಗಿಯುತ್ತಿತ್ತು. ನನಗೆ ಹೂಂ ಎನ್ನಲು ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಅವಳು ಹೊಸ ಕನ್ನಡಕ ಏರಿಸಿಕೊಂಡು, ಉತ್ತರಕ್ಕೆ ಕಾಯುತ್ತ ನನ್ನನ್ನೇ ನೋಡುತ್ತಿದ್ದಳು.